ಪಥ್ಯ ಬಿಡಿಸಿದ ದಿನ

ನಿಮ್ಮ ಗಂಡನಿಗೆ ಕ್ಯಾನ್ಸರ್ ಇರಲಿಲ್ಲ, ವೈನಿ. ಅದು ನನಗೆ ಗೊತ್ತಿತ್ತು — ಅವನು ಸಾಯುವುದಕ್ಕೆ ಎಷ್ಟೋ ಮೊದಲೇ ಗೊತ್ತಿತ್ತು. ಗೊತ್ತಿದ್ದೂ, ತಾನು ಸಾಯುತ್ತೇನೆಂದು ಅವನು ನಂಬುವಂತೆ ಮಾಡಿದೆ. ಹಾಗೆ ನಂಬಿದ್ದರಿಂದಲೇ ನನ್ನ ಅಣ್ಣ ಸತ್ತ.

ನಿಮಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇದನ್ನು ಬರೆಯಲು ಕೂತಿದ್ದೇನೆ, ನೋಡಿ ನನ್ನ ಧೈರ್ಯ. ಬ್ಯಾಡಗಿಯಲ್ಲಿ ಇವತ್ತಿಗೂ ನೀವು ಬಂದವರ ಮುಂದೆಲ್ಲ ನನ್ನನ್ನು ಹೊಗಳುತ್ತೀರಿ — ನಮ್ಮ ನಾದಿನಿ ಸರೋಜಾ ದೊಡ್ಡ ಮನಸ್ಸಿನವಳು, ಹಳೇದೆಲ್ಲ ಮರೆತು ಅಣ್ಣನ ಸೇವೆ ಮಾಡಿದಳು, ಕಡೇ ತನಕ ಸುಳ್ಳು ಹೇಳಿ ಅವರಿಗೆ ಧೈರ್ಯ ತುಂಬಿದಳು ಎಂದು. ನೀವು ಹಾಗೆ ಹೇಳುವಾಗ ನಾನು ತಲೆ ತಗ್ಗಿಸಿ ಕೂರುತ್ತೇನೆ. ಜನ ಅದನ್ನು ವಿನಯ ಅಂದುಕೊಳ್ಳುತ್ತಾರೆ.

ಹಳೆಯದನ್ನು ನಾನು ಮರೆತಿರಲಿಲ್ಲ, ವೈನಿ. ಒಂದು ದಿನವೂ ಮರೆತಿರಲಿಲ್ಲ.

ನಾನು ಕಲಿಸುತ್ತಿದ್ದ ಹಾವೇರಿಯ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರನ್ನು ಮದುವೆಯಾದಾಗ ಅಣ್ಣ ನನ್ನ ಹೆಸರನ್ನು ಮನೆಯಲ್ಲಿ ಎತ್ತಬಾರದೆಂದು ತಾಕೀತು ಮಾಡಿದ್ದು ನಿಮಗೆ ಗೊತ್ತು. ಅವರು ನಮ್ಮ ಜಾತಿಯವರಲ್ಲ. ಅಪ್ಪ ಇಲ್ಲದ ಮನೆ, ಅಣ್ಣನದೇ ಮಾತು. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೂತು ಗದರಿಸಿ ರೂಢಿಯಾಗಿದ್ದ ದನಿ ಮನೆಯಲ್ಲೂ ಅದೇ. ನಾನು ಅದನ್ನೂ ಸಹಿಸಿಕೊಂಡಿದ್ದೆ. ಜಾತಿಯ ಸಿಟ್ಟು ಒಂದಲ್ಲ ಒಂದು ದಿನ ಇಳಿಯುತ್ತದೆ, ಮಗು ಹುಟ್ಟಿದರೆ ಇಳಿಯುತ್ತದೆ ಅಂತ — ಎಲ್ಲರೂ ಅನ್ನುವ ಹಾಗೆ ನಾನೂ ಅಂದುಕೊಂಡಿದ್ದೆ.

ಆದರೆ ಅವ್ವ ಹಾಸಿಗೆ ಹಿಡಿದಾಗ ಅವನು ಮಾಡಿದ್ದು ಜಾತಿಯ ಸಿಟ್ಟಲ್ಲ. ಅದು ಬೇರೆ.

ಅವ್ವಗೆ ಮೈ ಸರಿಯಿಲ್ಲವೆಂದು ಯಾರಿಂದಲೋ ಕಿವಿಗೆ ಬಿದ್ದು ಓಡಿ ಬಂದಿದ್ದೆ. ಹಾವೇರಿಯಿಂದ ಬ್ಯಾಡಗಿ ಎಷ್ಟು ದೂರ — ಬಸ್ಸಿನಲ್ಲಿ ಕೂತು ಒಂದು ಸಲ ಕಣ್ಣು ಮುಚ್ಚಿದರೆ ಬ್ಯಾಡಗಿ ತಿರುವಿನ ಮೋಟೆಬೆನ್ನೂರು ಬಂದಿರುತ್ತದೆ. ಅಣ್ಣ ಹೊಸ್ತಿಲಲ್ಲೇ ನಿಂತಿದ್ದ. ನೀವು ಅಡಿಗೆಮನೆ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಿರಿ. ಅವನು ದನಿ ಸಹ ಎತ್ತಲಿಲ್ಲ.

“ಅವ್ವಗ ನಿನ್ನ ಮಾರಿ ನೋಡಾಕ ಮನಸಿಲ್ಲ. ಹೊಟ್ಟ್ಯಾಗ ಹುಣ್ಣು ಅಷ್ಟ, ಆರಾಮ ಆಗ್ತಾಳ. ನೀ ನಡಿ.”

ನಾನು ನಂಬಿದೆ. ಎರಡನ್ನೂ ನಂಬಿದೆ — ಅವ್ವ ನನ್ನನ್ನು ಬೇಡ ಅಂದಳೆಂದೂ, ಬರೀ ಹುಣ್ಣೆಂದೂ. ಅಳುತ್ತಾ ಅದೇ ಬಸ್ಸಿಗೆ ಹತ್ತಿದೆ. ಅವ್ವ ಹೋದ ಸುದ್ದಿ ನನಗೆ ಬಂದದ್ದು ಮಣ್ಣು ಮುಗಿದ ಮೇಲೆ.

ಉಳಿದದ್ದನ್ನು ಹೇಳಿದವರು ನೀವೇ. ಮುಂದೆ ಯಾವಾಗಲೋ ಹಾವೇರಿ ಸಂತೆಯಲ್ಲಿ ಸಿಕ್ಕು, ಕಾಯಿಪಲ್ಲೆ ಚೀಲ ಕೆಳಗಿಟ್ಟು, ನನ್ನ ಕೈ ಹಿಡಿದು ಹೇಳಿದಿರಿ. ಅವ್ವಗೆ ಇದ್ದದ್ದು ಹುಣ್ಣಲ್ಲ, ಕೆಟ್ಟ ಜಡ್ಡು ಎಂದು. ಡಾಕ್ಟರು ಕೈ ಬಿಟ್ಟ ದಿನ ಅಣ್ಣ ಅವ್ವನ ಪಥ್ಯ ಬಿಡಿಸಿದ ಎಂದು. ಎಷ್ಟೋ ತಿಂಗಳು ಸಪ್ಪೆ ಗಂಜಿ ಕುಡಿದವಳ ಮುಂದೆ ಬಿಸಿ ರೊಟ್ಟಿ, ಬೆಣ್ಣೆ, ಕೆಂಪು ಮೆಣಸಿನಕಾಯಿ ರಂಜಕ ಇಟ್ಟು, ಕಾಲು ಒತ್ತುತ್ತಾ, “ಏನೂ ಇಲ್ಲವ್ವ, ಹೊಟ್ಟ್ಯಾಗ ಬಾವು ಅಷ್ಟ. ಪಥ್ಯ ಬ್ಯಾಡಂತ, ಮನಸಿಗೆ ಬಂದದ್ದು ತಿನ್ನು ಅಂದಾರ” ಅಂದನಂತೆ. ಅವ್ವ ಆ ತಾಟನ್ನೇ ನೋಡುತ್ತಾ ಕೂತಳಂತೆ. ನಮ್ಮ ಕಡೆ ಯಾರಿಗೆ ತಿಳಿಯುವುದಿಲ್ಲ ಹೇಳಿ — ಗುಣವಾಗುವವರಿಗೆ ಪಥ್ಯ, ಹೋಗುವವರಿಗೆ ಬಯಸಿದ್ದು. ಯಾರೂ ಆ ರೋಗದ ಹೆಸರು ಹೇಳುವುದಿಲ್ಲ, ತಾಟೇ ಹೇಳುತ್ತದೆ. ಅವ್ವ ತಿಳಿದುಕೊಂಡಳು. ತಿಳಿದ ಮೇಲೆ ಅವಳು ಕೇಳಿದ್ದು ಒಂದೇ ಮಾತಂತೆ, ಸರೂನ್ನ ಕರಸು ಅಂತ. ಅಣ್ಣ ಆಕಿ ಬರಾಂಗಿಲ್ಲಂತ ಅಂದನಂತೆ. ಕೊನೆಯ ತನಕ ಹಾಗೇ ಅಂದನಂತೆ.

ಅವ್ವ ನಾನು ಬರಲೊಲ್ಲೆ ಅಂದೆನೆಂದು ನಂಬಿಕೊಂಡು ಸತ್ತಳು. ನೀವು ಹೇಳಿ ಹಗುರಾಗಿ ಚೀಲ ಎತ್ತಿಕೊಂಡು ಹೋದಿರಿ, ವೈನಿ. ನಾನು ಆ ತಾಟನ್ನು ಹೊತ್ತುಕೊಂಡು ಮನೆಗೆ ಬಂದೆ.

ಆಮೇಲೆ ವರ್ಷಗಳು ಹೋದವು. ತೊಂಬತ್ತರ ದಶಕ ಶುರುವಾಗಿತ್ತು. ಒಂದು ದಿನ ನೀವು ನಮ್ಮ ಶಾಲೆಯ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಿರಿ. ಅಣ್ಣನಿಗೆ ಕಾಮಾಲೆ. ಐರಣಿ ಕಡೆಯ ಯಾರೋ ಕೊಡುವ ಸೊಪ್ಪಿನ ಔಷಧ ಆಗಿತ್ತು, ಮುಂಗೈ ಸುಟ್ಟು ಚುಟಿಗೆ ಹಾಕಿಸಿದ್ದಾಗಿತ್ತು, ಉಪ್ಪು ಖಾರ ಎಣ್ಣೆ ಎಲ್ಲ ಬಿಟ್ಟದ್ದಾಗಿತ್ತು. ಮೆಣಸಿನಕಾಯಿ ಮಾರುವವನ ಮನೆಯಲ್ಲಿ ಒಗ್ಗರಣೆಯ ಚಟಪಟ ಸದ್ದೂ ಇಲ್ಲ ಎಂದು ನೀವು ಅತ್ತಿರಿ. ಕಣ್ಣು ಹಳದಿ, ಮೈತುಂಬ ತುರಿಕೆ, ಸೊರಗಿ ಕಡ್ಡಿಯಾಗಿದ್ದಾನೆ. ರಾಣೆಬೆನ್ನೂರಿನ ಡಾಕ್ಟರು ಸ್ಕ್ಯಾನ್ ಮಾಡಿ, ಪಿತ್ತನಾಳ ಎಲ್ಲೋ ಕಟ್ಟಿದೆ, ಹುಬ್ಬಳ್ಳಿಗೆ ಹೋಗಿ, ಅಲ್ಲಿ ಹೊಸ ಯಂತ್ರ ಬಂದಿದೆ, ಬಾಯಿಂದ ನಳಿಗೆ ಇಳಿಸಿ ಒಳಗಿನದನ್ನು ನೋಡುತ್ತಾರೆ ಎಂದಿದ್ದರು. ಅಲ್ಲಿನ ಡಾಕ್ಟರಿಗೆ ಕನ್ನಡ ಅಷ್ಟಕ್ಕಷ್ಟೆ. ನಾನು ಜೀವಶಾಸ್ತ್ರದ ಟೀಚರು, ಇಂಗ್ಲಿಷು ಬಲ್ಲವಳು.

“ಅವರು ಬಾಯಿಬಿಟ್ಟು ಕೇಳಾಂಗಿಲ್ಲ, ನಾ ಕೇಳಾಕತ್ತೇನಿ. ನೀ ಒಬ್ಬಾಕಿ ಇದ್ರ ಸಾಕು, ಸರೂ,” ಅಂದಿರಿ.

ಬಂದೆ. ಮನಸ್ಸು ಕರಗಿ ಬಂದೆ ಅಂದುಕೊಂಡಿರಿ. ನಾನು ನೋಡಲು ಬಂದೆ, ವೈನಿ. ಅಷ್ಟೇ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಬಿಟ್ಟದ್ದು ಡಾಕ್ಟರ ಮಾತನ್ನು ಅಣ್ಣನಿಗೆ ಕನ್ನಡದಲ್ಲಿ ಹೇಳಲಿಕ್ಕೆ. ಎಕ್ಸ್‌ರೇ ಮೈಗೆ ಬೀಳದಂತೆ ನನಗೊಂದು ಭಾರದ ಅಂಗಿ ತೊಡಿಸಿದರು. ಅವನ ಗಂಟಲಿಗೆ ಮರಗಟ್ಟಿಸುವ ಔಷಧಿ ಹೊಡೆದು, ಮಂಪರು ಬರುವ ಸೂಜಿ ಕೊಟ್ಟು, ಹಲ್ಲಿನ ನಡುವೆ ಪ್ಲಾಸ್ಟಿಕ್ಕಿನ ಬಳೆಯಂಥದ್ದನ್ನು ಸಿಕ್ಕಿಸಿದರು. ಅದರೊಳಗಿಂದ ಕರಿ ನಳಿಗೆ ಇಳಿಯಿತು. ನಾನು ತಲೆಯ ಬಳಿ ನಿಂತು, ನುಂಗು ಅಣ್ಣಾ, ಉಸಿರು ಬಿಗಿ ಹಿಡಿ, ಇನ್ನೊಮ್ಮೆ ನುಂಗು ಎನ್ನುತ್ತಿದ್ದೆ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಮಾತಾಡಿದ ಬಾಯಿ — ಈಗ ಒಂದು ಅಕ್ಷರ ಆಡುವ ಹಾಗಿರಲಿಲ್ಲ. ನಾನು ಹೇಳಿದಂತೆ ನುಂಗಬೇಕಿತ್ತು. ಖರೇ ಹೇಳುತ್ತೇನೆ, ನನಗೆ ಹಾಯೆನಿಸಿತು.

ಆಮೇಲೆ ಬಣ್ಣದ ಔಷಧಿಯನ್ನು ಪಿತ್ತನಾಳದೊಳಗೆ ಬಿಟ್ಟರು. ಪರದೆಯ ಮೇಲೆ ಚಿತ್ರ ಮೂಡಿತು. ವರ್ಷ ವರ್ಷವೂ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿದ ಅದೇ ಚಿತ್ರ: ಯಕೃತ್ತಿನೊಳಗೆ ಕವಲೊಡೆದ ಸಣ್ಣ ನಾಳಗಳು, ಕೆಳಗೆ ಒಂದಾಗಿ ಬರುವ ದೊಡ್ಡ ನಾಳ. ಆ ದೊಡ್ಡ ನಾಳ ಒಂದು ಕಡೆ ಇದ್ದಕ್ಕಿದ್ದಂತೆ ನೂಲಿನಷ್ಟು ಸಣ್ಣದಾಗಿತ್ತು. ಅದರ ಮೇಲಿನದೆಲ್ಲ ಪಿತ್ತ ನಿಂತು ಉಬ್ಬಿತ್ತು. ಡಾಕ್ಟರು ಬೆರಳಿಟ್ಟು ತೋರಿಸಿದರು. ಹಿಂದೆ ಹರಳಿಗಾಗಿ ಪಿತ್ತಕೋಶ ತೆಗೆದ ಆಪರೇಷನ್ನಿನ ಗಾಯ ಒಳಗೊಳಗೇ ಬಿಗಿದು ಹೀಗಾಗಿರಬಹುದು. ಕ್ಯಾನ್ಸರೂ ಇರಬಹುದು. ಚಿತ್ರ ನೋಡಿ ಹೇಳಲಾಗುವುದಿಲ್ಲ, ತುಣುಕು ತೆಗೆದು ನೋಡಬೇಕು ಎಂದರು. ನಳಿಗೆಯೊಳಗಿಂದ ಸಣ್ಣ ಕುಂಚ ತೂರಿಸಿ ಉಜ್ಜಿದರು, ಪುಟ್ಟ ಚಿಮುಟದಿಂದ ಚಿವುಟಿ ತುಣುಕು ತೆಗೆದು ಸೀಸೆಯಲ್ಲಿಟ್ಟರು. ಸಣ್ಣದಾದ ಜಾಗದಲ್ಲಿ ಪ್ಲಾಸ್ಟಿಕ್ಕಿನ ಕೊಳವೆಯೊಂದನ್ನು ಕೂರಿಸಿದರು. ಪಿತ್ತ ಹರಿಯತೊಡಗಿತು. ಈ ಕೊಳವೆ ಕೆಲವು ತಿಂಗಳಿಗೆ ಕಟ್ಟಿಕೊಳ್ಳುತ್ತದೆ, ಅಷ್ಟರೊಳಗೆ ಬಂದು ಬದಲಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ನಂಜೇರಿ ಜೀವಕ್ಕೆ ಬರುತ್ತದೆ — ಇದನ್ನು ಒತ್ತಿ ಹೇಳಿದರು. ನಾನು ನಿಮಗೂ ಅಣ್ಣನಿಗೂ ಒತ್ತಿಯೇ ಹೇಳಿದೆ. ಅವತ್ತು ಏನನ್ನೂ ಬಚ್ಚಿಡಲಿಲ್ಲ.

ತುಣುಕಿನ ಫಲಿತಾಂಶ ಕೇಳಲು ಹೋದವಳು ನಾನೊಬ್ಬಳೇ. ನಿಮಗೆ ಅವನನ್ನು ಬಿಟ್ಟು ಬರಲಾಗುತ್ತಿರಲಿಲ್ಲ.

ಡಾಕ್ಟರು ನಗುತ್ತಾ ಎದ್ದು ಬಂದರು. ಕುಂಚದಲ್ಲಿ ಸಿಕ್ಕದ್ದೂ ಚಿಮುಟದಲ್ಲಿ ಸಿಕ್ಕದ್ದೂ ಎರಡೂ ಶುದ್ಧವಾಗಿವೆ, ಹಳೆಯ ಗಾಯದ ಕಲೆ, ಒಳಗೆ ಸ್ವಲ್ಪ ಬಾವು ಅಷ್ಟೇ, ಕ್ಯಾನ್ಸರ್ ಅಲ್ಲ. ಕೊಳವೆ ಬದಲಿಸುತ್ತಾ ಹೋದರೆ ನಾಳ ತಾನೇ ಅಗಲವಾಗುತ್ತದೆ, ಪ್ರತಿ ಸಲ ಇನ್ನೊಮ್ಮೆ ಪರೀಕ್ಷೆಯನ್ನೂ ಮಾಡೋಣ ಎಂದರು. ಪಥ್ಯ ಎಂದು ಉಪವಾಸ ಕೆಡವಬೇಡಿ, ಮೈ ಸೊರಗಿದೆ, ಏನು ಬೇಕೋ ತಿನ್ನಲಿ. ಬೇಕಾದರೆ ಅವರನ್ನೇ ಕರೆದುಕೊಂಡು ಬನ್ನಿ, ಚಿತ್ರ ತೋರಿಸಿ ನಾನೇ ಹೇಳುತ್ತೇನೆ.

ಬೇಡ ಡಾಕ್ಟರ್, ನಾನೇ ತಿಳಿಸಿ ಹೇಳುತ್ತೇನೆ ಅಂದೆ.

ಅಂದಾಗ ನನ್ನ ಮನಸ್ಸಲ್ಲಿ ಕೆಟ್ಟದ್ದಿರಲಿಲ್ಲ — ಇದ್ದೇ ಇತ್ತೇನೋ. ಹಾವೇರಿಯಲ್ಲಿ ಇಳಿಯಬೇಕಾದವಳು ಇಳಿಯಲಿಲ್ಲ, ನೇರ ಬ್ಯಾಡಗಿಗೆ ಬಂದೆ. ಮೋಟೆಬೆನ್ನೂರಿನ ತನಕ ಖುಷಿಯ ಸುದ್ದಿಯನ್ನೇ ಹೊತ್ತು ಬಂದೆ. ಅಲ್ಲಿಂದ ಬಸ್ಸು ಬ್ಯಾಡಗಿಗೆ ಹೊರಳಿತು. ಬಯಲಿನಲ್ಲಿ ಹರವಿದ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು, ಸೀನು ಬಂತು, ಕಣ್ಣಲ್ಲಿ ನೀರು ಬಂತು. ಹಿಂದೊಮ್ಮೆ ಇದೇ ರಸ್ತೆಯಲ್ಲಿ ಅಳುತ್ತಾ ವಾಪಸಾದದ್ದು ನೆನಪಾಯಿತು. ಡಾಕ್ಟರು ಹೇಳಿದ ಮಾತು ಮತ್ತು ಅಣ್ಣ ಅವ್ವಗೆ ಹೇಳಿದ ಮಾತು — ಎರಡೂ ಹೆಚ್ಚುಕಡಿಮೆ ಒಂದೇ ಎಂದು ಆಗ ಹೊಳೆಯಿತು. ಸುಳ್ಳು ಹೇಳುವ ಗರಜೇ ಇಲ್ಲ. ಅವನು ಹೇಳಿದ ಹಾಗೆ ಹೇಳಿದರೆ ಸಾಕು.

ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಏನಂದ್ರು ಅಂತ ಬಾಯಲ್ಲಿ ಕೇಳಲಿಲ್ಲ, ಕಣ್ಣಲ್ಲಿ ಕೇಳಿದ. ನಾನು ಮೊದಲು ನಿಮ್ಮ ಹತ್ತಿರ ಅಡಿಗೆಮನೆಗೆ ಬಂದೆ. ನೆನಪಿದೆಯೇ ವೈನಿ? ರೊಟ್ಟಿ ಬಡೀರಿ, ರಂಜಕ ತೆಗೀರಿ, ಪಥ್ಯ ಬೇಡ ಅಂದಿದ್ದಾರೆ ಅಂದೆ. ನಿಮ್ಮ ಕೈಯಿಂದ ಸೌಟು ಬಿತ್ತು. ಕ್ಯಾನ್ಸರ್ ಅಲ್ಲ ವೈನಿ ಎಂದು ನಿಮ್ಮನ್ನು ತಬ್ಬಿಕೊಂಡು ಹೇಳಬಹುದಿತ್ತು. ಏನೂ ಇಲ್ಲ, ಬಾವು ಅಷ್ಟ ಅಂದೆ, ಮುಖ ಆಚೆ ತಿರುಗಿಸಿಕೊಂಡು ಅಂದೆ. ನೀವು ಬಾಯಿಗೆ ಸೆರಗು ಒತ್ತಿಕೊಂಡಿರಿ, ಅವತ್ತಿನ ಹಾಗೆಯೇ.

ತಾಟು ನಾನೇ ಒಯ್ದು ಅವನ ಮುಂದಿಟ್ಟೆ. ಬಿಸಿ ರೊಟ್ಟಿ, ಬೆಣ್ಣೆ, ಕೆಂಪಗೆ ಹೊಳೆಯುವ ರಂಜಕ. ಅವನ ಕಾಲ ಬಳಿ ಕೂತು ಕಾಲು ಒತ್ತಲು ಹಿಡಿದೆ.

“ಏನೂ ಇಲ್ಲಣ್ಣ, ಹೊಟ್ಟ್ಯಾಗ ಬಾವು ಅಷ್ಟ. ಪಥ್ಯ ಬ್ಯಾಡಂತ, ಮನಸಿಗೆ ಬಂದದ್ದು ತಿನ್ನು ಅಂದಾರ.”

ಅವನು ತಾಟು ನೋಡಿದ. ನನ್ನ ಕೈ ನೋಡಿದ. ಅವನ ಮುಖ ಇಳಿದದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ತಿನ್ನು ಅಣ್ಣಾ, ಆರುತ್ತದೆ ಅಂದೆ. ಒಂದು ತುತ್ತು ಮುರಿದು ರಂಜಕಕ್ಕೆ ಅದ್ದಿ ಬಾಯಿಗಿಟ್ಟುಕೊಂಡ. ಖಾರಕ್ಕೋ ಏನಕ್ಕೋ ಕಣ್ಣು ತುಂಬಿತು. ಅವತ್ತು ನನಗೆ ಊಟ ರುಚಿಸಿತು, ವೈನಿ. ನಿಮ್ಮ ಅಡಿಗೆಮನೆಯಲ್ಲಿ ಕೂತು ಹೊಟ್ಟೆ ತುಂಬ ಉಂಡೆ.

ಮುಂದೆ ರಜೆ ಬಂತೆಂದರೆ ಬ್ಯಾಡಗಿಗೆ ಬರತೊಡಗಿದೆ. ಅಣ್ಣನ ಮೇಲೆ ಎಷ್ಟು ಜೀವ ಎಂದು ಓಣಿಯವರು ಅಂದರು. ನಾನು ಬರುತ್ತಿದ್ದದ್ದು ಅವನು ಸಾವಿಗೆ ಹೆದರುವುದನ್ನು ನೋಡಲಿಕ್ಕೆ. ಗುತ್ತಲದಿಂದ, ರಾಣೆಬೆನ್ನೂರಿನಿಂದ ಬೀಗರು ಬಂದು ಅವನೆದುರು ಕೂತು, ಹೊರಗೆ ಬಂದು ನನ್ನನ್ನು ಕೇಳಿದಾಗ, ಏನೂ ಇಲ್ಲ ಎನ್ನುತ್ತಿದ್ದೆ. ನಿಟ್ಟುಸಿರು ಬಿಟ್ಟು ಎನ್ನುತ್ತಿದ್ದೆ. ಅವನ ಕಣ್ಣಿನ ಹಳದಿ ಇಳಿದಿತ್ತು, ತುರಿಕೆ ನಿಂತಿತ್ತು, ಮೈಗೆ ಮಾಂಸ ಹತ್ತುತ್ತಿತ್ತು. ದಿನವೂ ಖಾರ ತಿಂದು ಅರಗಿಸಿಕೊಳ್ಳುತ್ತಿದ್ದ. ಗುಣವಾಗುತ್ತಿರುವುದು ಅವನಿಗೇ ಕಾಣಬೇಕಿತ್ತು. ಆದರೆ ಎಲ್ಲರೂ ಅಳುಮುಖ ಮಾಡಿಕೊಂಡು ಏನೂ ಇಲ್ಲ, ಆರಾಮ ಆಗುತ್ತೀರಿ ಎನ್ನುತ್ತಿದ್ದರಲ್ಲ. ಅಂಗಡಿಗೆ ಹೋಗುವುದನ್ನು ಬಿಟ್ಟ. ಮಾತು ಬಿಟ್ಟಿದ್ದವರನ್ನೆಲ್ಲ ಕರೆಸಿ ಕೈ ಮುಗಿದ.

ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದ. ನಾನು ಕಾಯುತ್ತಿದ್ದ ಮಾತು ಅದು.

“ಅವ್ವ ನಿನ್ನ ಕೇಳಿದ್ಲು, ಸರೂ. ಕಡೀತನಕ ಕೇಳಿದ್ಲು. ನಾನ ಬರಗೊಡಲಿಲ್ಲ. ಆಕಿ ಬರಾಂಗಿಲ್ಲಂತ ನಾನ ಸುಳ್ಳ ಹೇಳಿದೆ. ಈಗ ನನ್ನ ಪಾಳಿ ಬಂತು ನೋಡು.”

ದೊಡ್ಡ ಗಂಡಸು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ನನ್ನ ಸೇಡು ತೀರಿತು. ಅಂದುಕೊಂಡಷ್ಟು ಸಿಹಿಯಾಗಿರಲಿಲ್ಲ, ಆದರೂ ತೀರಿತು. ಇನ್ನು ಸಾಕು, ಇವನನ್ನು ಎಬ್ಬಿಸಿ ಕೂರಿಸೋಣ ಎನಿಸಿತು. ಸಾವನ್ನು ಅವನ ಮುಂದೆ ಇಟ್ಟವಳು ನಾನು, ಎತ್ತಿಕೊಳ್ಳಲೂ ಬರುತ್ತದೆ ಎಂಬ ಸೊಕ್ಕು. ಅವನ ಎರಡೂ ಕೈ ಹಿಡಿದು ಹೇಳಿದೆ — ಅಣ್ಣಾ, ನಿನಗೆ ಆ ಜಡ್ಡು ಇಲ್ಲ, ಖರೇನೇ ಇಲ್ಲ, ತುಣುಕಿನಲ್ಲಿ ಏನೂ ಸಿಕ್ಕಿಲ್ಲ, ಹಳೇ ಗಾಯದ ಕಲೆ. ಅವ್ವನ ಆಣೆ.

ಅವನು ಕಣ್ಣೊರೆಸಿಕೊಂಡು ನಕ್ಕ. ಎಷ್ಟು ಪ್ರೀತಿಯಿಂದ ನಕ್ಕ ಅಂದರೆ — ಆ ನಗು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

“ನಾನೂ ಅವ್ವಗ ಹಿಂಗ ಆಣಿ ಮಾಡಿದ್ದೆ, ತಂಗಿ. ನಿನ್ನ ಮನಸ ದೊಡ್ಡದು.”

ಅಲ್ಲಿಂದ ನಾನು ಹೇಳದ ಮಾತಿಲ್ಲ. ನೀವೂ ನೋಡಿದಿರಿ. ಹುಬ್ಬಳ್ಳಿಗೆ ನಡಿ, ಡಾಕ್ಟರ ಬಾಯಿಂದಲೇ ಕೇಳು, ಚಿತ್ರ ಕಣ್ಣಾರೆ ನೋಡು ಎಂದು ಗೋಗರೆದೆ. ಡಾಕ್ಟರೂ ನೀನು ಕಲಿಸಿಕೊಟ್ಟದ್ದನ್ನೇ ಹೇಳುತ್ತಾನೆ ಅಂದ. ಕೊಳವೆ ಬದಲಿಸುವ ಕಾಲ ಬಂತು, ಅದೂ ಬೇಡವೆಂದ. ಹೋಗುವ ಜೀವಕ್ಕೆ ಮತ್ತೆ ಆ ನಳಿಗೆ ಯಾಕೆ, ಬಾಯಿ ಕಟ್ಟಿಸಿಕೊಂಡು ಮಲಗುವುದು ಯಾಕೆ, ಮನೆಯಲ್ಲಿ ಬೆಚ್ಚಗೆ ಉಂಡುಕೊಂಡು ಇರಗೊಡಿ ಎಂದ. ನಿಮ್ಮನ್ನು ಒಪ್ಪಿಸಲು ನೋಡಿದೆ. ನೀವು ನನ್ನ ಗಲ್ಲ ಸವರಿ, ಇರಲಿ ಬಿಡು ಸರೂ, ಎಷ್ಟಂತ ಸುಳ್ಳು ಹೇಳುತ್ತೀ ಅಂದಿರಿ. ಆಗಲಾದರೂ ನಿಮಗೆ ಎಲ್ಲ ಒದರಿಬಿಡಬಹುದಿತ್ತು — ನಾನು ಬೇಕಂತಲೇ ಹೀಗೆ ಮಾಡಿದೆ, ಸೇಡಿಗೆ ಮಾಡಿದೆ ಎಂದು. ಅದನ್ನು ಕೇಳಿದ್ದರೆ ಅವನೂ ನಂಬುತ್ತಿದ್ದ. ಸೇಡೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಆ ಒಂದು ಮಾತಿಗೆ ಅವನ ಜೀವ ಉಳಿಯುತ್ತಿತ್ತು, ನನ್ನ ದೊಡ್ಡ ಮನಸ್ಸು ಹೋಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಕೊಳವೆ ಕಟ್ಟಿತು. ಗಡಗಡ ನಡುಗಿಸುವ ಜ್ವರ, ಮತ್ತೆ ಹಳದಿ ಕಣ್ಣು. ಅವನಿಗೆ ಎಚ್ಚರ ತಪ್ಪಿದ ಮೇಲೆ ನೀವು ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ಹಾವೇರಿಗೆ ಬಂದಿರಿ, ನಾನು ಅಲ್ಲಿ ಹತ್ತಿದೆ. ಅವನ ತಲೆ ನನ್ನ ತೊಡೆಯ ಮೇಲಿತ್ತು. ಹುಬ್ಬಳ್ಳಿಯಲ್ಲಿ ಡಾಕ್ಟರು ಸಿಟ್ಟಿನಿಂದ ಕೇಳಿದರು, ಇಷ್ಟು ತಡ ಯಾಕೆ, ನಾನು ಹೇಳಿರಲಿಲ್ಲವೇ ಎಂದು. ಪೇಷಂಟು ಒಪ್ಪಲಿಲ್ಲ ಅಂದೆ. ಅದೂ ನಿಜವೇ. ನಂಜು ರಕ್ತಕ್ಕೆ ಏರಿ ಹೋಗಿತ್ತು. ಅವನು ಮತ್ತೆ ಕಣ್ಣು ಬಿಡಲಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನೀವು ನನ್ನನ್ನು ಕೇಳಿದಿರಿ: “ಮದ್ಲ ಕರಕೊಂಡ ಬಂದಿದ್ರ ಉಳೀತಿದ್ರೇನು, ಸರೂ?”

ಇಲ್ಲ ವೈನಿ ಅಂದೆ.

ಇಡೀ ಪ್ರಕರಣದಲ್ಲಿ ನಾನು ಬಾಯಿಬಿಟ್ಟು ಆಡಿದ ಸುಳ್ಳು ಅದೊಂದೇ. ಉಳಿದದ್ದೆಲ್ಲ ನಿಜ ಹೇಳಿಯೇ ಮಾಡಿದೆ.

ಪಶ್ಚಾತ್ತಾಪ ಎಷ್ಟೆಂದು ಕೇಳಿದರೆ ಚೊಕ್ಕ ಉತ್ತರ ನನ್ನಲ್ಲಿಲ್ಲ. ತಾಟು ಇಟ್ಟ ದಿನದ ಅಣ್ಣನ ಮುಖ ನೆನೆದರೆ ಇವತ್ತಿಗೂ ಒಳಗೆ ಯಾರೋ ಒಬ್ಬಳು, ಆಗಲಿ, ಅನುಭವಿಸಲಿ ಎನ್ನುತ್ತಾಳೆ. ಅವಳು ಸತ್ತಿಲ್ಲ. ಅವನು ನಕ್ಕದ್ದು ನೆನೆದರೆ ನನಗೆ ನೆಲದೊಳಗೆ ಇಳಿದುಹೋಗಬೇಕೆನಿಸುತ್ತದೆ. ಅವ್ವ ನಾನು ಬರಲೊಲ್ಲೆ ಅಂದೆನೆಂದು ನಂಬಿ ಸತ್ತಳು, ಅಣ್ಣ ನಾನು ಕ್ಷಮಿಸಿದೆನೆಂದು ನಂಬಿ ಸತ್ತ. ಇಬ್ಬರೂ ಸುಳ್ಳನ್ನೇ ನಂಬಿ ಹೋದರು. ನಿಮ್ಮನ್ನಾದರೂ ಹಾಗೆ ಕಳಿಸಬಾರದು.

ಹೋದ ಸಲ ಬಂದಾಗ ನೀವು ಎಂದಿನಂತೆ ರೊಟ್ಟಿ, ಬೆಣ್ಣೆ, ರಂಜಕ ಇಟ್ಟಿರಿ. ಪಕ್ಕದ ಮನೆಯವರಿಗೆ ಎಂದಿನಂತೆ ನನ್ನ ಸುಳ್ಳಿನ ಪುಣ್ಯದ ಕತೆ ಹೇಳಿದಿರಿ. ನಾನು ಎಂದಿನಂತೆ ತಲೆ ತಗ್ಗಿಸಿ ಉಂಡೆ.

ಭಾನುವಾರ ಬ್ಯಾಡಗಿಗೆ ಬರುತ್ತೇನೆ. ಈ ಸಲ ಅಡಿಗೆಮನೆಗೆ ಬರುವುದಿಲ್ಲ, ಅಣ್ಣ ನನ್ನನ್ನು ನಿಲ್ಲಿಸಿದ ಹೊಸ್ತಿಲ ಹೊರಗೇ ನಿಂತು ಮೊದಲು ಇದನ್ನು ಹೇಳುತ್ತೇನೆ: ನಾನು ಅವನಿಗೆ ಹೇಳಿದ್ದು ಸುಳ್ಳಾಗಿರಲಿಲ್ಲ, ವೈನಿ. ಆಮೇಲೆ ಒಳಗೆ ಕರೆಯುವುದೋ ಬಾಗಿಲು ಹಾಕುವುದೋ ನಿಮಗೆ ಬಿಟ್ಟದ್ದು.